ಪುರಾವೆಯ ಹೊರೆ ಯಾರ ಹೆಗಲಿಗೆ?

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಹೊಲಕ್ಕೆ ದನ ನುಗ್ಗಿದರೆ ಅಟ್ಟಬಹುದು. ನೆರೆಯವನು ಬದು ಒತ್ತಿದರೆ ನಾಲ್ಕು ಜನರನ್ನು ಸೇರಿಸಿ ನ್ಯಾಯ ಕೇಳಬಹುದು. ಆದರೆ ಕಾಯಲೆಂದು ನಾವೇ ಕಟ್ಟಿಕೊಂಡ ಬೇಲಿಯ ಮೇಲೆ ದೂರನ್ನು ಯಾರಿಗೆ ಕೊಡುವುದು? ಸರಕಾರವು ತನ್ನ ಸ್ವಾಧೀನದಲ್ಲಿರುವ ಕಾಡು ಗುಡ್ಡಗಳ ಮೇಲೆ ಕೀಟನಾಶಕವನ್ನು ಸುರಿಯಲು ತೀರ್ಮಾನಿಸಿದಾಗ, ಆ ಗುಡ್ಡದ ಬುಡದಲ್ಲಿ ಬಾಳುವ ಪ್ರಜೆಗೆ ಎದುರಾಗುವ ಪ್ರಶ್ನೆ ಇದೇ. ಅವನಿಗೆ ಉಳಿಯುವ ದಾರಿ ಒಂದೇ, ನ್ಯಾಯಾಲಯದ ದಾರಿ. ಆ ದಾರಿ ಎಷ್ಟು ಉದ್ದವಾದುದು, ಅದರಲ್ಲಿ ಹೊರೆ ಹೊರಬೇಕಾದವರು ಯಾರು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇದು ನಮಗೆ ದೂರದ ವಿಷಯವೆಂದು ಯಾರೂ ಭಾವಿಸಬಾರದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನಲ್ಲಿ, ಕನ್ನಡ ತುಳು ಮಲಯಾಳಗಳು ಒಂದೇ ಅಂಗಳದಲ್ಲಿ ಕೇಳಿಬರುವ ಎಣ್ಮಕಜೆ, ಪಡ್ರೆ ಮೊದಲಾದ ಊರುಗಳಲ್ಲಿ ಈ ಕಥೆ ನಡೆಯಿತು. ಅಲ್ಲಿನ ಸರಕಾರಿ ಗುಡ್ಡಗಳಲ್ಲಿ ಗೇರು ಗಿಡಗಳನ್ನು ನೆಟ್ಟು, ಅವುಗಳನ್ನು ಸರಕಾರದ್ದೇ ಆದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ವಹಿಸಲಾಗಿತ್ತು. ನೆಡುತೋಪುಗಳ ವಿಸ್ತೀರ್ಣ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕದ್ದು. ಗೇರಿಗೆ ‘ಟೀ ಸೊಳ್ಳೆ’ ಎಂಬ ಕೀಟದ ಕಾಟ. ಅದು ಚಿಗುರಿನ ರಸವನ್ನೂ ಹೂಗೊಂಚಲಿನ ರಸವನ್ನೂ ಹೀರುತ್ತದೆ. ಚಿಗುರು ಕರಕಲಾಗುತ್ತದೆ, ಫಸಲು ಕೈಬಿಡುತ್ತದೆ. ಈ ಕೀಟವನ್ನು ಕೊಲ್ಲಲು ಕಾರ್ಪೊರೇಶನ್ನು ಎಂಡೋಸಲ್ಫಾನ್ ಎಂಬ ಔಷಧವನ್ನು ಆರಿಸಿಕೊಂಡು, ಹೆಲಿಕಾಪ್ಟರಿನಿಂದ ಸಿಂಪಡಿಸತೊಡಗಿತು. 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಈ ಸಿಂಪಡಣೆ ನಡೆಯಿತು. ಒಂದು ತಲೆಮಾರು ಹುಟ್ಟಿ ಬೆಳೆದು ಶಾಲೆ ಬಿಡುವಷ್ಟು ಕಾಲ!

ಕಾನೂನಿನಲ್ಲಿ ಏನೂ ಇರಲಿಲ್ಲವೆ ಎಂದರೆ, ಇತ್ತು. 1968ರ ಕೀಟನಾಶಕ ಅಧಿನಿಯಮವಿದೆ. ಅದರಡಿಯಲ್ಲಿ 1971ರ ನಿಯಮಗಳಿವೆ. ವಿಮಾನದಿಂದ ಮದ್ದು ಹೊಡೆಯುವವರು ಏನೇನು ಮಾಡಬೇಕೆಂದು ಅದರ 43ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸಿಂಪಡಿಸುವ ಜಾಗವನ್ನು ಗುರುತಿಸಬೇಕು. ಒಪ್ಪಿಗೆ ಪಡೆದ ಪ್ರಮಾಣದಲ್ಲಿ, ಒಪ್ಪಿಗೆ ಪಡೆದ ಎತ್ತರದಿಂದ ಮಾತ್ರ ಸಿಂಪಡಿಸಬೇಕು. ಕನಿಷ್ಠ 24 ಗಂಟೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸಬೇಕು. ಸಂಬಂಧವಿಲ್ಲದ ಜನರೂ ದನಕರುಗಳೂ ಆ ಜಾಗಕ್ಕೆ ಬಾರದಂತೆ ತಡೆಯಬೇಕು. ಕಾಗದದ ಮೇಲೆ ಇದಕ್ಕಿಂತ ಅಂದವಾದ ನಿಯಮವನ್ನು ಯಾರು ಬರೆಯಬಲ್ಲರು?

ಆದರೆ ಕಾಸರಗೋಡಿನ ನೆಲವನ್ನು ಬಲ್ಲವರು ನಗದೆ ಇರಲಾರರು. ಅದು ಬಯಲು ಸೀಮೆಯಲ್ಲ. ಗುಡ್ಡದ ಮೇಲೆ ಗೇರು, ಇಳಿಜಾರಿನಲ್ಲಿ ಮನೆ, ಕಣಿವೆಯಲ್ಲಿ ಅಡಿಕೆ ತೋಟ, ಮಧ್ಯೆ ಹರಿಯುವ ತೋಡು. ಕುಡಿಯುವ ನೀರು ಬಾಯ್ದೆರೆದ ಬಾವಿಯಿಂದ, ಇಲ್ಲವೆ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗದಿಂದ. ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಜನರಿಗೆ ಹೇಳಿದರಂತೆ. ಬಾವಿಗೆ ಸೋಗೆ ಮುಚ್ಚಬಹುದು. ತೋಡಿಗೆ ಏನನ್ನು ಮುಚ್ಚುವುದು? ಗುಡ್ಡದಲ್ಲಿ ಇಂಗಿ ಸುರಂಗದೊಳಕ್ಕೆ ಜಿನುಗುವ ನೀರಿಗೆ ಯಾವ ಮುಚ್ಚಳ? ಏರಿಳಿತದ ಆ ನೆಲದಲ್ಲಿ ಹೆಲಿಕಾಪ್ಟರು ಗಿಡದ ತಲೆಗೆ ಸಮನಾಗಿ ಹಾರುವುದೂ ಅಸಾಧ್ಯ. ಎತ್ತರದಿಂದ ಬಿದ್ದ ಮದ್ದು ಗಾಳಿಯ ಮರ್ಜಿಗೆ ಒಳಗಾಗುತ್ತದೆ. ಸರಕಾರಿ ಗುಡ್ಡದ ಗಡಿಕಲ್ಲು ಗಾಳಿಗೆ ಕಾಣುವುದೆ?

ಮೊದಲು ಕಂಡದ್ದು ಜೇನು ಮೀನುಗಳ ಸಾವು, ಅಂಗವಿಕಲವಾಗಿ ಹುಟ್ಟಿದ ಕರುಗಳು. ಪತ್ರಕರ್ತ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲಿಯೇ ಇದನ್ನು ಬರೆದು ಎಚ್ಚರಿಸಿದರು. ವಾಣೀನಗರದ ವೈದ್ಯ ಡಾ. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಹುಟ್ಟುವಿಕಲತೆಗಳು ಇಷ್ಟೇಕೆ ಎಂದು ಕೇಳತೊಡಗಿದರು. ಆದರೆ ಆಡಳಿತದ ಕಿವಿಗೆ ಈ ಮಾತು ಬೀಳಬೇಕಾದರೆ ಅದು ನ್ಯಾಯಾಲಯದ ಬಾಯಿಂದಲೇ ಬರಬೇಕಾಯಿತು.

ದಾವೆ ಹೂಡಿದವರು ದೊಡ್ಡ ಮನುಷ್ಯರಲ್ಲ. ಪೆರಿಯದ ಲೀಲಾಕುಮಾರಿ ಅಮ್ಮ ಎಂಬವರು ಕೃಷಿ ಇಲಾಖೆಯಲ್ಲಿ ದುಡಿಯುತ್ತಿದ್ದ ಸಾಮಾನ್ಯ ನೌಕರಿ ಮಹಿಳೆ. ಸರಕಾರದ ಸಂಬಳ ಉಣ್ಣುವವರು ಸರಕಾರಿ ಕಾರ್ಪೊರೇಶನ್ನಿನ ಮೇಲೆ ನ್ಯಾಯಾಲಯಕ್ಕೆ ಹೋಗುವುದೆಂದರೆ ಏನೆಂಬುದನ್ನು ವಾಚಕರು ಊಹಿಸಬಲ್ಲರು. 1998ರಲ್ಲಿ ಅವರು ಹೋದದ್ದು ದಿಲ್ಲಿಗಲ್ಲ, ಕೊಚ್ಚಿಗಲ್ಲ. ಕಾಞಂಗಾಡಿನ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ. ನ್ಯಾಯಾಂಗದ ಏಣಿಯಲ್ಲಿ ಅದು ಕಟ್ಟಕಡೆಯ ಮೆಟ್ಟಿಲು. ಆ ಮೆಟ್ಟಿಲಿನಿಂದಲೇ ತಡೆಯಾಜ್ಞೆ ಬಂದಿತು. 2000ದಲ್ಲಿ ವೈಮಾನಿಕ ಸಿಂಪಡಣೆ ಕೂಡದೆಂದು ತೀರ್ಪೂ ಆಯಿತು. ಆ ವರ್ಷದ ಡಿಸೆಂಬರಿನ ಬಳಿಕ ಕಾಸರಗೋಡಿನ ಗೇರುಗುಡ್ಡಗಳ ಮೇಲೆ ಮದ್ದಿನ ಹೆಲಿಕಾಪ್ಟರು ಹಾರಲಿಲ್ಲ. ದೊಡ್ಡ ಸಮಿತಿಗಳಿಗೆ ಕಾಣದ್ದು ಒಂದು ಚಿಕ್ಕ ನ್ಯಾಯಾಲಯಕ್ಕೆ ಕಂಡಿತು. ಇದು ನಮ್ಮ ಪ್ರಜಾಪ್ರಭುತ್ವಕ್ಕೆ ಭೂಷಣವೆಂದೇ ಹೇಳಬೇಕು.

ಆದರೆ ಹೆಲಿಕಾಪ್ಟರು ನಿಂತರೂ ವಾದ ನಿಲ್ಲಲಿಲ್ಲ. ಮುಂದಿನ ಹತ್ತು ವರ್ಷ ನಡೆದದ್ದು ಪುರಾವೆಯ ಜಗಳ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಹೇರಳವಾಗಿದೆಯೆಂದಿತು. ಕಾರ್ಪೊರೇಶನ್ನು ತಾನು ನೇಮಿಸಿದ ಬೇರೊಂದು ಸಂಸ್ಥೆಯಿಂದ ಅಂಥದೇನೂ ಇಲ್ಲವೆಂದು ಹೇಳಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿ, ತೊಂದರೆಗಳು ಪಡ್ರೆಯಲ್ಲಿಯೇ ಹೆಚ್ಚೆಂದಿತು. ಆಮೇಲೆ ಕೇಂದ್ರ ಕೃಷಿ ಸಚಿವಾಲಯದ ಸಮಿತಿಯೊಂದು ರೋಗಕ್ಕೂ ಮದ್ದಿಗೂ ಸಂಬಂಧ ಸಿದ್ಧವಾಗಿಲ್ಲವೆಂದಿತು. ಒಬ್ಬರು ಹೌದೆನ್ನುವುದು, ಇನ್ನೊಬ್ಬರು ಅಲ್ಲವೆನ್ನುವುದು. ಇತ್ತ ಮಕ್ಕಳು ಹಾಸಿಗೆಯಲ್ಲಿ ಬೆಳೆಯುತ್ತಲೇ ಇದ್ದರು.

ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. ಅದಕ್ಕೆ ತುಸು ಮುಂಚೆ, ಅದೇ ವರ್ಷದ ಏಪ್ರಿಲಿನಲ್ಲಿ, ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಿನೀವಾದಲ್ಲಿ ಸೇರಿ ಆ ಮದ್ದನ್ನು ತ್ಯಜಿಸಬೇಕಾದವುಗಳ ಪಟ್ಟಿಗೆ ಸೇರಿಸಿದ್ದವು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಮೂರು ತಿಂಗಳು ಹೋಯಿತು, ಮೂರು ವರ್ಷ ಹೋಯಿತು, ಐದೂ ಹೋಯಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕವೇನೆಂದರೆ, 3,704 ಮಂದಿ ಬಾಧಿತರಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ಅವರೂ ನ್ಯಾಯಾಲಯ ನಿಂದನೆಯ ಅರ್ಜಿ ಹಾಕಿದವರು! ಕೋರ್ಟಿನ ಬಾಗಿಲನ್ನು ಎರಡನೆಯ ಸಲ ತಟ್ಟಿದವನಿಗೆ ಮಾತ್ರ ನ್ಯಾಯವೆಂದಾಯಿತು. ನ್ಯಾಯಪೀಠ ಛೀಮಾರಿ ಹಾಕಿದ ಮೇಲೆಯೇ ಬಟವಾಡೆಗೆ ಚುರುಕು ಬಂದದ್ದು.

ಗಡಿಯ ಈಚೆಗೂ ಇದೇ ಕಥೆ. ದಕ್ಷಿಣ ಕನ್ನಡದಲ್ಲಿ ಅರಣ್ಯ ಇಲಾಖೆ ಬೆಳೆಸಿದ್ದ ಗೇರು ನೆಡುತೋಪುಗಳನ್ನು ಕರ್ನಾಟಕ ಗೇರು ಅಭಿವೃದ್ಧಿ ನಿಗಮಕ್ಕೆ ಒಪ್ಪಿಸಲಾಗಿತ್ತು. ಅಲ್ಲಿಯೂ ಆಕಾಶದಿಂದ ಅದೇ ಮದ್ದು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಹೆಸರನ್ನು ನಾಡು ಕೇಳಿದ್ದು ಅಲ್ಲಿನ ಮಕ್ಕಳ ದುಃಸ್ಥಿತಿಯಿಂದ. 2011ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಆದರೆ ಕೀಟನಾಶಕ ಅಧಿನಿಯಮದ 27ನೆಯ ಕಲಮಿನಂತೆ ರಾಜ್ಯವೊಂದು ಒಮ್ಮೆಗೆ ನಿಷೇಧಿಸಬಹುದಾದದ್ದು 60 ದಿನಗಳ ಮಟ್ಟಿಗೆ ಮಾತ್ರ. ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಬಂದವು. ಬಂದದ್ದು ಒಳ್ಳೆಯದೇ. ಆದರೆ ಪಾಲನಾ ಕೇಂದ್ರವು ನ್ಯಾಯದ ಆರಂಭವಾಗಬಹುದೇ ಹೊರತು ಅದೇ ನ್ಯಾಯವಲ್ಲ.

ಈಗ ಎದುರು ಪಕ್ಷದವರ ಮಾತನ್ನೂ ಕೇಳೋಣ. ಅವರು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ಕೀಟ ನಿಜ, ಬೆಳೆಯ ನಷ್ಟ ನಿಜ, ಗೇರು ತೋಪಿನಲ್ಲಿ ಹೊಟ್ಟೆ ಹೊರೆಯುವ ಕೂಲಿಕಾರರೂ ನಿಜ. ಔಷಧವು ಸರಕಾರದಲ್ಲಿ ನೋಂದಣಿಯಾಗಿತ್ತು. ಪರವಾನಗಿ ಪಡೆದು ಮಾರುತ್ತಿದ್ದುದನ್ನು ಬಳಸಿದ್ದು ತಪ್ಪೇನು ಎಂದು ಅವರು ಕೇಳುತ್ತಾರೆ. ಕಾನೂನು ಓದಿದ ನ್ಯಾಯಾಧೀಶರು ರಸಾಯನಶಾಸ್ತ್ರದ ತಕ್ಕಡಿಯನ್ನು ಹಿಡಿಯಬಾರದೆಂದೂ, ಒಂದೊಂದು ರೋಗಕ್ಕೂ ಮದ್ದೇ ಕಾರಣವೆಂದು ಹೇಳಲಾಗದೆಂದೂ ವಾದಿಸುತ್ತಾರೆ.

ಕೊನೆಯ ಮಾತನ್ನು ನಾನು ಒಪ್ಪುತ್ತೇನೆ. ಒಂದು ನಿರ್ದಿಷ್ಟ ಮಗುವಿನ ನಿರ್ದಿಷ್ಟ ರೋಗಕ್ಕೆ ಇಂಥ ದಿನ ಬಿದ್ದ ಇಂಥ ಹನಿಯೇ ಕಾರಣವೆಂದು ಯಾವ ವೈದ್ಯನೂ ಬರೆದುಕೊಡಲಾರ. ಆದುದರಿಂದಲೇ ಪ್ರಶ್ನೆಯನ್ನು ತಿರುಗಿಸಬೇಕಾಗಿದೆ. ತಿಳಿಯದಿದ್ದಾಗ ಸಂಶಯದ ಲಾಭ ಯಾರಿಗೆ ಸಲ್ಲಬೇಕು? ಮದ್ದಿಗೋ, ಮಗುವಿಗೋ? ಕೊಲೆ ಮೊಕದ್ದಮೆಯಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುವುದು ಸರಿ, ಅವನು ಮನುಷ್ಯ. ಡಬ್ಬಿಯಲ್ಲಿರುವ ರಸಾಯನಕ್ಕೆ ಆ ಹಕ್ಕನ್ನು ಕೊಟ್ಟವರಾರು? ಎಂಡೋಸಲ್ಫಾನನ್ನು ನಿರಪರಾಧಿಯೆಂದು ಭಾವಿಸಿ, ಅದರ ಅಪರಾಧವನ್ನು ಸಾಬೀತುಪಡಿಸುವ ಹೊರೆಯನ್ನು ಹಾಸಿಗೆ ಹಿಡಿದ ಮಕ್ಕಳ ತಾಯಂದಿರ ಮೇಲೆ ಹೊರಿಸಿದೆವು. ಅಲ್ಲಿ ನಡೆದ ಮೂಲ ಅನ್ಯಾಯ ಇದೇ ಎಂದು ನನ್ನ ಅಭಿಪ್ರಾಯ.

ನೋಂದಣಿಯ ವಾದಕ್ಕೆ ಉತ್ತರ ಬೇಕಾದರೆ ಅಮೆರಿಕದ ಅನುಭವವನ್ನು ನೋಡಬಹುದು. ಸಾರ್ವಜನಿಕ ಅರಣ್ಯಗಳಲ್ಲಿ ವಿಷ ಸಿಂಪಡಣೆಯ ಮೇಲೆ ಅಲ್ಲಿ ನಡೆದಷ್ಟು ದಾವೆಗಳು ಬೇರೆಡೆ ಅಪರೂಪ. 1957ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಮೇಲೆ ಸರಕಾರ ಮರದ ಎಲೆ ತಿನ್ನುವ ಹುಳುವನ್ನು ಕೊಲ್ಲಲು ವಿಮಾನದಿಂದ ಡಿ.ಡಿ.ಟಿ. ಸುರಿಯಿತು. ಪಕ್ಷಿಶಾಸ್ತ್ರಜ್ಞ ರಾಬರ್ಟ್ ಕುಶ್ಮನ್ ಮರ್ಫಿಯವರೂ ಸಂಗಡಿಗರೂ ಸಿಂಪಡಣೆಗೆ ಮುಂಚೆಯೇ ನ್ಯಾಯಾಲಯಕ್ಕೆ ಹೋದರು, ತಡೆಯಾಜ್ಞೆ ಸಿಗಲಿಲ್ಲ. ವಿಚಾರಣೆ ಮುಗಿಯುವ ಹೊತ್ತಿಗೆ ಸಿಂಪಡಣೆಯೇ ಮುಗಿದಿತ್ತು. ಇನ್ನು ತಡೆಯುವುದೇನನ್ನು ಎಂದು ಕೇಳಿದಂತಾಯಿತು. 1960ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಕೈಯಾಡಿಸಿಬಿಟ್ಟಿತು. ನ್ಯಾಯಮೂರ್ತಿ ಡಗ್ಲಸ್ ಒಬ್ಬರು ಮಾತ್ರ ಭಿನ್ನಮತ ಬರೆದರು. ಆ ದಾವೆಯ ಕಾಗದಪತ್ರಗಳು 1962ರಲ್ಲಿ ಹೊರಬಂದ ರೇಚಲ್ ಕಾರ್ಸನ್ನರ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥಕ್ಕೆ ಸಾಮಗ್ರಿಯಾದುವು. ಸೋತ ಮೊಕದ್ದಮೆಯೂ ಒಮ್ಮೊಮ್ಮೆ ಲೋಕವನ್ನು ಎಬ್ಬಿಸುತ್ತದೆ.

ಮುಂದೆ ಒರೆಗಾನ್ ಸಂಸ್ಥಾನದ ರಾಷ್ಟ್ರೀಯ ಅರಣ್ಯಗಳ ಸರದಿ. ಅಲ್ಲಿ ಅರಣ್ಯ ಇಲಾಖೆ ಬೆಲೆಬಾಳುವ ಮರಗಳ ನಡುವೆ ಬೆಳೆಯುವ ಪೊದೆಗಳನ್ನು ಸಾಯಿಸಲು 2,4,5-ಟಿ ಮೊದಲಾದ ಕಳೆನಾಶಕಗಳನ್ನು ಹೆಲಿಕಾಪ್ಟರಿನಿಂದ ಎರಚುತ್ತಿತ್ತು. ಕಣಿವೆಯ ಜನ ಸಂಘ ಕಟ್ಟಿ ದಾವೆ ಹೂಡಿದರು. ಇಲಾಖೆ ಸಿದ್ಧಪಡಿಸಿದ ಪರಿಣಾಮ ವರದಿ ಸಾಲದೆಂದು 1977ರಲ್ಲಿ ತೀರ್ಪಾಯಿತು. 1979ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಕಾಡಿನಲ್ಲಿ 2,4,5-ಟಿ ಬಳಕೆಯನ್ನು ತುರ್ತಾಗಿ ನಿಲ್ಲಿಸಿತು. 1984ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೇಳಿದ್ದರ ಸಾರಾಂಶ ಹೀಗೆ: ಔಷಧವು ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಅರಣ್ಯ ಇಲಾಖೆಯ ಹೊಣೆ ತೀರುವುದಿಲ್ಲ, ಈ ಕಾಡಿನಲ್ಲಿ, ಈ ನೀರಿನ ಬಳಿ, ಈ ಜನರ ನಡುವೆ ಎರಚಿದರೆ ಏನಾದೀತೆಂಬುದನ್ನು ಇಲಾಖೆ ತಾನೇ ಪರಿಶೀಲಿಸಬೇಕು, ತಿಳಿಯದಿದ್ದರೆ ತಿಳಿದುಕೊಳ್ಳಬೇಕು, ಅತಿ ಕೆಟ್ಟದ್ದು ಏನಾಗಬಹುದೆಂಬುದನ್ನೂ ಬರೆದು ಜನರ ಮುಂದಿಡಬೇಕು. ದಾವೆದಾರರಲ್ಲೊಬ್ಬರು ವಕೀಲರನ್ನು ಇಡದೆ ತಾವೇ ವಾದಿಸಿದ್ದು ಇಲ್ಲಿನ ವಿಶೇಷ. ಅತಿ ಕೆಟ್ಟದ್ದನ್ನು ಬರೆಯಬೇಕೆಂಬ ಕಟ್ಟಳೆಯನ್ನು 1986ರಲ್ಲಿ ಸಡಿಲಿಸಿದರು, ನಿಜ. ಆದರೆ ಸಿಂಪಡಣೆ ಕೆಲವು ವರ್ಷ ನಿಂತೇ ಹೋಯಿತು. ಕೊನೆಗೆ ಇಲಾಖೆಯೂ ದಾವೆದಾರರೂ ಒಂದೆಡೆ ಕುಳಿತು 1989ರಲ್ಲಿ ಒಪ್ಪಂದಕ್ಕೆ ಬಂದರು. ಮದ್ದು ಮೊದಲ ಉಪಾಯವಲ್ಲ, ಬೇರೆ ದಾರಿಯಿಲ್ಲದಾಗ ಹಿಡಿಯುವ ಉಪಾಯ ಎಂಬುದು ಅದರ ತಿರುಳು. ನ್ಯಾಯಾಧೀಶರು ರಸಾಯನಶಾಸ್ತ್ರ ಕಲಿಯಬೇಕಾಗಿ ಬರಲಿಲ್ಲ ಎಂಬುದನ್ನು ಗಮನಿಸಬೇಕು. ‘ನೀವು ನೋಡಿದಿರಾ? ಯೋಚಿಸಿದಿರಾ? ಜನರಿಗೆ ಹೇಳಿದಿರಾ?’ ಎಂದು ಕೇಳಿದರು, ಅಷ್ಟೆ. ಇದನ್ನು ಕೇಳಲು ಪ್ರಯೋಗಶಾಲೆ ಬೇಕಿಲ್ಲ.

ನಮ್ಮ ಕಾನೂನಿನಲ್ಲಿ ಇಂಥ ತತ್ವವಿಲ್ಲವೆ? ಇದೆ. 1996ರಲ್ಲಿ ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಮೇಲೆ ವೆಲ್ಲೂರು ನಾಗರಿಕರು ಹೂಡಿದ್ದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಮುನ್ನೆಚ್ಚರಿಕೆಯ ತತ್ವವನ್ನು ಈ ನೆಲದ ಕಾನೂನೆಂದು ಸಾರಿತು; ತನ್ನ ಕೃತ್ಯದಿಂದ ಪರಿಸರಕ್ಕೆ ಕೇಡಿಲ್ಲವೆಂದು ತೋರಿಸುವ ಹೊಣೆ ಆ ಕೃತ್ಯ ಮಾಡುವವನದೇ ಎಂದಿತು. ಖಾಸಗಿ ಕಾರ್ಖಾನೆದಾರನಿಗೆ ಈ ಹೊಣೆ ಸಲ್ಲುವುದಾದರೆ ಪ್ರಜೆಗಳ ಹೆಸರಿನಲ್ಲಿ ಆಳುವ ಸರಕಾರಕ್ಕೆ ಅದು ಇಮ್ಮಡಿಯಾಗಿ ಸಲ್ಲಬೇಡವೆ? ಕಾಡುಗಳನ್ನು ಕಾಯಬೇಕೆಂದು ಸಂವಿಧಾನದ 48ಎ ಅನುಚ್ಛೇದ ಹೇಳಿರುವುದು ರಾಜ್ಯಕ್ಕೇ ಅಲ್ಲವೆ?

ಇಲ್ಲೊಂದು ವಿಚಿತ್ರವನ್ನು ವಾಚಕರ ಗಮನಕ್ಕೆ ತರಬಯಸುತ್ತೇನೆ. ಪ್ರಜೆಯೊಬ್ಬನು ಸರಕಾರದ ಮೇಲೆ ಸಿವಿಲ್ ದಾವೆ ಹೂಡಬೇಕಾದರೆ, ನ್ಯಾಯಾಲಯದ ವಿಶೇಷ ಅನುಮತಿ ಸಿಕ್ಕದ ಹೊರತು, ಎರಡು ತಿಂಗಳ ನೋಟೀಸು ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮು ವಿಧಿಸುತ್ತದೆ. ಆ ಪ್ರಜೆಯ ತಲೆಯ ಮೇಲೆ ಆಕಾಶದಿಂದ ಮದ್ದು ಸುರಿಯಬೇಕಾದರೆ 24 ಗಂಟೆಯ ಸೂಚನೆ ಸಾಕು! ಕಾಗದಕ್ಕೆ ಉತ್ತರ ಬರೆಯಲು ಸರಕಾರಕ್ಕೆ ಅರವತ್ತು ದಿನ. ಬಾವಿ ಮುಚ್ಚಿ, ದನ ಕಟ್ಟಿ, ಬಸುರಿಯನ್ನು ಬೇರೆ ಊರಿಗೆ ಕಳಿಸಲು ಬಡವನಿಗೆ ಒಂದು ದಿನ. ಈ ಎರಡು ಅವಧಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಕಾನೂನು ಯಾರ ಅನುಕೂಲವನ್ನು ಮೊದಲು ನೆನೆದಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ.

ಅಲ್ಲದೆ ಆ ಒಂದು ದಿನದ ಸೂಚನೆ ಯಾರಿಗೆ ಮುಟ್ಟುತ್ತದೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಕೇರಿಗೆ ಬರುವ ಸರಕಾರಿ ಕಾಗದ ಯಾವುದೇ ಆಗಲಿ, ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿನದು. ಅಂಥ ಕಾಗದದ ಭಾಷೆ ಬಿ.ಎ. ತರಗತಿಯಲ್ಲಿರುವ ನನಗೇ ಎರಡು ಸಲ ಓದಿದರೂ ಬಿಡಿಸದು; ಹೆಬ್ಬೆಟ್ಟೊತ್ತುವ ಹಿರಿಯರಿಗೆ ಅದರಿಂದ ಆಗುವ ತಿಳಿವಳಿಕೆ ಏನು? ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ ಹಾಳೆಯನ್ನು ‘ಸಾರ್ವಜನಿಕ ಪ್ರಕಟಣೆ’ ಎನ್ನುವುದು ಗೋಡೆಗೆ ಮಾಡಿದ ಪ್ರಕಟಣೆಯೇ ಸರಿ.

ಆದುದರಿಂದ ನನ್ನ ಸೂಚನೆಗಳು ಇಷ್ಟು. ಒಂದು: ಸರಕಾರದ ಕಾಡು ಅಥವಾ ನೆಡುತೋಪಿನಲ್ಲಿ ಮದ್ದು ಎರಚುವ ತೀರ್ಮಾನಕ್ಕೆ ಮೊದಲು, ಏಕೆ ಬೇಕು, ಬೇರೆ ಉಪಾಯ ಏಕೆ ಸಾಲದು ಎಂಬುದನ್ನು ಇಲಾಖೆ ಊರಿನ ಭಾಷೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿಸಬೇಕು. ಎರಡು: ಆಕ್ಷೇಪಣೆಗೆ ಜನರಿಗೂ ಎರಡು ತಿಂಗಳು ಕೊಡಬೇಕು; ಸರಕಾರ ತನಗಾಗಿ ಕೇಳಿಕೊಂಡಷ್ಟನ್ನೇ ನಾವೂ ಕೇಳುತ್ತೇವೆ. ಮೂರು: ಸಿಂಪಡಣೆಗೆ ಮುಂಚೆಯೂ ಆಮೇಲೆಯೂ ಊರಿನ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯಲ್ಲಿ ಇಡಬೇಕು, ಇಪ್ಪತ್ತು ವರ್ಷದ ಬಳಿಕ ರಕ್ತ ತೆಗೆದು ಜಗಳವಾಡುವ ಕಷ್ಟ ತಪ್ಪೀತು. ನಾಲ್ಕು: ದಾವೆ ಬಂದಾಗ ನಿರಪಾಯವೆಂದು ತೋರಿಸುವ ಹೊರೆ ಎರಚುವವನದೇ ಎಂಬುದನ್ನು ಕೀಟನಾಶಕ ಕಾನೂನಿನಲ್ಲಿಯೇ ಬರೆಯಬೇಕು.

ಎಂಡೋಸಲ್ಫಾನ್ ಹೋಯಿತಲ್ಲ, ಇನ್ನೇಕೆ ಈ ಮಾತು ಎನ್ನುವವರಿದ್ದಾರೆ. ಹೋದದ್ದು ಒಂದು ಮದ್ದು. ಮದ್ದನ್ನು ನಂಬಿ ಮನುಷ್ಯನನ್ನು ಸಂಶಯಿಸುವ ರೂಢಿ ಹೋಗಿಲ್ಲ. ಹೆಲಿಕಾಪ್ಟರು ಹೋಗಿ ಈಗ ಡ್ರೋನು ಬಂದಿದೆ. ಅದರಿಂದ ಕೀಟನಾಶಕ ಸಿಂಪಡಿಸುವ ವಿಧಾನವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿಯೇ ಗೊತ್ತುಪಡಿಸಿದೆ. ಯಂತ್ರ ಸಣ್ಣದಾಯಿತೆಂದು ಗಾಳಿ ಬೀಸುವುದನ್ನು ಬಿಟ್ಟಿಲ್ಲ, ತೋಡು ಹರಿಯುವುದನ್ನು ನಿಲ್ಲಿಸಿಲ್ಲ.

ವಿದ್ಯಾರ್ಥಿ ಮಿತ್ರರೆ, ನಮ್ಮಲ್ಲಿ ಅನೇಕರು ಈ ವರ್ಷ ಪದವಿ ಪಡೆದು ಹೊರಬೀಳುವವರು. ಕೆಲವರು ವಕೀಲರಾಗುತ್ತೇವೆ, ಕೆಲವರು ಗುಮಾಸ್ತರಾಗುತ್ತೇವೆ, ಅದೃಷ್ಟವಿದ್ದವರು ಅಧಿಕಾರಿಗಳೂ ಆಗುತ್ತೇವೆ. ಕಡತವೊಂದು ನಮ್ಮ ಮೇಜಿಗೆ ಬಂದೀತು. ಅದರಲ್ಲಿ ಒಂದು ಗುಡ್ಡದ ಹೆಸರು, ಒಂದು ಮದ್ದಿನ ಹೆಸರು, ಸಹಿಗೆ ಬಿಟ್ಟ ಖಾಲಿ ಜಾಗ ಇದ್ದೀತು. ಆ ಗುಡ್ಡದ ಕೆಳಗೆ ಯಾರಿದ್ದಾರೆ ಎಂಬುದು ಕಡತದಲ್ಲಿ ಬರೆದಿರುವುದಿಲ್ಲ. ಸಹಿ ಹಾಕುವ ಮೊದಲು ಅದನ್ನು ಕೇಳುವಷ್ಟು ವಿದ್ಯೆ ನಮಗೆ ದಕ್ಕಿದ್ದರೆ, ನಮ್ಮನ್ನು ಓದಿಸಿದ ಈ ಬಡ ನಾಡಿನ ಋಣ ಸ್ವಲ್ಪವಾದರೂ ತೀರೀತು.

— ಅಂತಿಮ ಬಿ.ಎ. ವಿದ್ಯಾರ್ಥಿ